ಅವ್ವ ನೋಡದ ಅರ್ಧ ಸಿನಿಮಾ

ಸ್ವಲ್ಪ ತಡೆಯಿರಿ, ಕಾರ್ಟೂನ್ ಎಂಬ ಮಾತು ಕಂಡ ಕೂಡಲೇ ಹಾಳೆ ತಿರುವಬೇಡಿ. ಮೊದಲು ಒಂದು ನೀರುನಾಯಿ ಬರುತ್ತದೆ, ಕುಣಿಯುತ್ತದೆ, ನಗಿಸಿ ಹೋಗುತ್ತದೆ. ಅದು ಹೋದ ಮೇಲಿನದ್ದನ್ನು ಹೇಳಲಿಕ್ಕೇ ನಾನು ಕುಳಿತಿರುವುದು. ಅಲ್ಲಿಯವರೆಗೆ ಕಾಯಿರಿ.

ಆ ಸ್ಟುಡಿಯೋದ ಹೆಸರು ಹೇಳಬೇಕಾಗಿಲ್ಲ. ನಮ್ಮ ಶಹಾಪುರದ ಬಜಾರಿನಲ್ಲಿ ಶಾಲೆಚೀಲ, ನೀರಿನ ಬಾಟಲಿ, ಕೂಸುಗಳ ಚಪ್ಪಲಿ, ಎಲ್ಲದರ ಮೇಲೂ ಅದರ ರಾಜಕುಮಾರಿಯರು ನಗುತ್ತಾ ನಿಂತಿರುತ್ತಾರೆ. ಆದರೆ ಅದೇ ಸ್ಟುಡಿಯೋ ಮಾಡಿ, ತಾನೇ ಮರೆತ ಸಿನಿಮಾಗಳೂ ಇವೆ. ಅವು ಪೆನ್ಸಿಲ್ ಡಬ್ಬಿಯ ಮೇಲೂ ಬರುವುದಿಲ್ಲ. ನನಗೆ ಹುಚ್ಚು ಹಿಡಿಸಿದ್ದು ಅವೇ. ಸುರಪುರದ ಕಾಲೇಜಿಗೆ ಹೋಗಿ ಬರುವ ಬಸ್ಸಿನಲ್ಲಿ ಫೋನು ಹಿಡಿದು, ಒಂದೊಂದು ಚಿತ್ರ ನಿಲ್ಲಿಸಿ, ನೀರನ್ನು ಹೇಗೆ ಬರೆದಿದ್ದಾರೆ, ನೆರಳನ್ನು ಎಲ್ಲಿ ಬಿಟ್ಟಿದ್ದಾರೆ ಎಂದು ನೋಡುತ್ತಿದ್ದೆ. ಯಾರೂ ಕಲಿಸಲಿಲ್ಲ. ನೋಟ್‌ಬುಕ್ಕಿನ ಮೂಲೆಯಲ್ಲಿ ನಾನೂ ಹಕ್ಕಿ ಬರೆದು, ಹಾಳೆಗಳನ್ನು ಸರಸರ ಬಿಟ್ಟು ಹಾರಿಸುತ್ತಿದ್ದೆ. ಒಂದು ಹಕ್ಕಿ ಸರಿಯಾಗಿ ಹಾರಲು ಒಂದು ಇಡೀ ನೋಟ್‌ಬುಕ್ ಬೇಕು. ಅದನ್ನೇ ಒಂದೂವರೆ ತಾಸು ಮಾಡಿದವರ ಸಿನಿಮಾವನ್ನು ಯಾರೂ ನೋಡಲಿಲ್ಲವೆಂದರೆ ನನಗೆ ಸಹಿಸಲಾಗುತ್ತಿರಲಿಲ್ಲ.

ಅವ್ವ ಬ್ಲೌಸು ಹೊಲಿಯುತ್ತಾಳೆ. ಮಷೀನಿನಿಂದ ತಲೆ ಎತ್ತದೆಯೇ ಬೈಯುತ್ತಿದ್ದಳು: "ಇಷ್ಟ್ ದೊಡ್ಡಾಕಿ ಆಗಿ ಇನ್ನೂ ಕಾರ್ಟೂನ್ ನೋಡ್ತಿ. ನಾಳಿ ಲಗ್ನದಾಗ ಅಕ್ಕಿಕಾಳು ಬೀಳೋಮುಂದೂ ಫೋನ್ ಹಿಡ್ಕೊಂಡ್ ಕುಂದ್ರು."

ಆ ಮರೆತ ಸಿನಿಮಾಗಳಲ್ಲಿ ಒಂದು ಮಾತ್ರ ಬೇರೆ. ಕೊರೊನಾ ಕಾಲದಲ್ಲಿ ಸ್ಟುಡಿಯೋದವರು ಅದನ್ನು ಥೇಟರಿಗೆ ಕಳಿಸದೆ ನೇರವಾಗಿ ಫೋನಿನ ಆ್ಯಪ್‌ಗೆ ಬಿಟ್ಟಿದ್ದರು. ಒಬ್ಬ ಮುದುಕ ಅಂಬಿಗ, ಅವನ ದೋಣಿಯಲ್ಲಿ ಒಂದು ತುಂಟ ನೀರುನಾಯಿ. ಮೊದಲರ್ಧ ನಗು, ಹೊಳೆ ತುಂಬಿ ಬರುವುದು, ಮುದುಕ ಊರವರನ್ನೆಲ್ಲ ದಾಟಿಸುವುದು. ಎರಡನೇ ಅರ್ಧದಲ್ಲಿ ಸೇತುವೆ ಆಗುತ್ತದೆ. ಆಮೇಲೆ ಯಾರೂ ದೋಣಿಗೆ ಬರುವುದಿಲ್ಲ. ಮುದುಕ ದಿನಾ ಬೆಳಿಗ್ಗೆ ಬಂದು ದೋಣಿಯೊಳಗಿನ ನೀರು ಚೆಲ್ಲಿ, ತೊಳೆದು, ಹುಟ್ಟು ಹಿಡಿದು ಕೂರುತ್ತಾನೆ. ಎಷ್ಟೋ ಹೊತ್ತು ಒಂದೂ ಮಾತಿಲ್ಲ.

ಅವ್ವನ ಅಪ್ಪ ಹರಿಗೋಲು ಹಾಕುತ್ತಿದ್ದರು. ನಾರಾಯಣಪುರ ಅಣೆಕಟ್ಟಿನ ಕೆಳಗೆ, ಕೃಷ್ಣೆಯ ದಂಡೆಯ ಊರು. ಸೇತುವೆಯಾದ ಮೇಲೆ ಬಿಟ್ಟರು. ನನಗೆ ಗೊತ್ತಿದ್ದದ್ದು ಅಷ್ಟೇ. ನಾನು ಹುಟ್ಟುವ ಮೊದಲೇ ಅವರು ಹೋಗಿದ್ದರು, ಅವ್ವ ಅವರ ಮಾತು ಎತ್ತುವುದಿಲ್ಲ. ಕೇಳಿದರೆ ಬಾಯಲ್ಲಿ ಸೂಜಿ ಕಚ್ಚಿಕೊಳ್ಳುತ್ತಾಳೆ. ಎಲ್ಲೋ ಸಮುದ್ರದಾಚೆಯವರು ನಮ್ಮ ಅಜ್ಜನನ್ನು ಬರೆದಿದ್ದಾರೆ, ಅವ್ವ ಒಮ್ಮೆ ಆ ಎರಡನೇ ಅರ್ಧ ನೋಡಿದರೆ ಬಾಯಿ ಬಿಡುತ್ತಾಳೆ ಎಂದು ನನ್ನ ಲೆಕ್ಕ. ಫೋನಿನಲ್ಲಿ ಅವಳಿಗೆ ಕಾಣುವುದಿಲ್ಲ. ಕಣ್ಣು ದಾರಕ್ಕೇ ಸವೆದಿವೆ.

ವರ್ಷಗಳಾದ ಮೇಲೆ ಸ್ಟುಡಿಯೋಗೆ ಏನೋ ನೆನಪಾಗಿ ಅದನ್ನು ಥೇಟರಿಗೆ ಬಿಟ್ಟಿತು. ಯಾದಗಿರಿಯಲ್ಲಿ ಒಂದೇ ವಾರ, ಬೆಳಗಿನ ಒಂದೇ ಆಟ. ಮೊದಲ ಎರಡು ದಿನ ಒಬ್ಬಳೇ ಹೋದೆ. ಎರಡೂ ದಿನ ಆಟವಿಲ್ಲ. ಹತ್ತು ಮಂದಿ ಸೇರದಿದ್ದರೆ ಪರದೆ ಬೆಳಗುವುದಿಲ್ಲ ಎಂಬುದು ಅಲ್ಲಿನ ಮ್ಯಾನೇಜರನ ಕಾನೂನು. ಮೂರನೆಯ ದಿನ ಅವ್ವನನ್ನು ಕರೆದುಕೊಂಡೇ ಹೋದೆ. ಆಷಾಢ, ಲಗ್ನದ ಬ್ಲೌಸುಗಳಿಲ್ಲ, ಅದಕ್ಕೇ ಹೊರಟಳು.

"ಹತ್ತು ಆದ್ರ ಹಾಕ್ತೀನಿ. ಇಲ್ಲಂದ್ರ ನಾಳಿ ಬರ್ರಿ," ಎಂದ ಮ್ಯಾನೇಜರ್.

"ನಿನ್ನಿನೂ ಹಂಗ ಅಂದ್ರಿ."

"ನಿನ್ನಿನೂ ಹತ್ತು ಆಗಿದ್ದಿಲ್ಲ. ನಾ ಏನು ಮಂದಿನ ಹಡೀಲೇನು?"

ಅವ್ವನನ್ನು ಅಲ್ಲೇ ಕೂರಿಸಿ ಎದುರಿನ ಬಸ್‌ಸ್ಟ್ಯಾಂಡಿಗೆ ಓಡಿದೆ. ಗುರುಮಠಕಲ್ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತ್ತು. ವರ ನೋಡಲು ಬಂದು ಹೊರಟಿದ್ದ ಒಂದು ಮನೆಯವರು ಆರು ಮಂದಿ, ತಮ್ಮೊಳಗೆ ತೆಲುಗು ಮಾತಾಡಿಕೊಂಡು ಗಂಟುಗಳ ಮೇಲೆ ಕುಳಿತಿದ್ದರು. ಟಿಕೆಟ್ ನಾನೇ ತೆಗೆಸುತ್ತೇನೆ, ಬಸ್ಸು ಬರುವ ತನಕ ತಣ್ಣಗೆ ಕೂತು ಸಿನಿಮಾ ನೋಡಿ ಎಂದೆ. ಟ್ಯೂಷನ್ ಕಲಿಸಿ ಕೂಡಿಸಿದ್ದು ಅದಕ್ಕೇ ಹೋಯಿತು.

ಅವರ ಮನೆಯ ಮುದುಕಿ ಕೇಳಿದಳು: "ಎಸಿ ಅದ ಏನವ್ವ?"

"ಅದ ರೀ."

"ಹಂಗಾದ್ರ ಸಿನಿಮಾ ಯಾವ್ದರ ಇರ್ಲಿ, ನಡೀರಿ."

ಪಕ್ಕದಲ್ಲಿದ್ದ ವಯಸ್ಸಾದ ಮುಸ್ಲಿಂ ದಂಪತಿಗಳೂ ಎದ್ದರು. ಆ ಮನೆಯವರು ಆರು, ಇವರಿಬ್ಬರು, ನಾವಿಬ್ಬರು. ಮ್ಯಾನೇಜರ್ ಬೆರಳು ಮಾಡಿ ಎಣಿಸಿ ಒಳಗೆ ಬಿಟ್ಟ.

ಇಂಗ್ಲಿಷ್ ಸಿನಿಮಾ, ಆದರೆ ಅದರಲ್ಲಿ ಮಾತು ಕಡಿಮೆ. ಯಾರೂ ಅರ್ಥ ಕೇಳಲಿಲ್ಲ. ನೀರುನಾಯಿ ಅಂಬಿಗನ ರೊಟ್ಟಿ ಕದ್ದಾಗ ಮುದುಕಿ ತೊಡೆ ಬಡಿದುಕೊಂಡು ನಕ್ಕಳು. ದೋಣಿ ಹೊಳೆಗೆ ಇಳಿದಾಗ ಅವ್ವ ಮುಂದಕ್ಕೆ ಬಾಗಿದಳು. "ಹುಟ್ಟು ಹಿಡಿಯೋದು ಬರೋಬ್ಬರಿ ಬರದಾರ," ಎಂದು ತನಗೆ ತಾನೇ ಹೇಳಿಕೊಂಡಳು. ನಡುವೆ ಒಂದು ಕಡೆ ಮೂರು ಕಾಲಿನ ಯಂತ್ರ ಇಟ್ಟುಕೊಂಡು ದಂಡೆ ಅಳೆಯುವವರು ಬರುತ್ತಾರೆ, ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗುತ್ತಾರೆ. ಅವ್ವ ಹಿಂದಕ್ಕೆ ಒರಗಿದಳು. ನಾನು ಅದಕ್ಕೆ ಲಕ್ಷ್ಯ ಕೊಡಲಿಲ್ಲ.

ಊರವರೆಲ್ಲ ದಾಟಿದರು, ನೀರುನಾಯಿ ಕುಣಿಯಿತು. ಅಷ್ಟಕ್ಕೇ ಮ್ಯಾನೇಜರ್ ಮಧ್ಯಂತರ ಎಂದು ದೀಪ ಹಾಕಿದ. ಮೂಲ ಸಿನಿಮಾದಲ್ಲಿ ಮಧ್ಯಂತರವೇ ಇಲ್ಲ. ಎಲ್ಲಿ ಕೈಗೆ ಬಂತೋ ಅಲ್ಲಿ ಕತ್ತರಿ ಹಾಕಿದ್ದ. ಅದೇ ಹೊತ್ತಿಗೆ ಬಸ್ಸು ಕಾಯಲು ಹೊರಗೇ ಉಳಿದಿದ್ದ ಆ ಮನೆಯ ಅಳಿಯನಿಂದ ಫೋನು ಬಂತು, ಬಸ್ಸು ಬಂದಿದೆಯೆಂದು. ಆರೂ ಮಂದಿ ಗಂಟು ಎತ್ತಿದರು. ಅವರು ಎದ್ದದ್ದು ನೋಡಿ ಸಿನಿಮಾ ಮುಗಿಯಿತೆಂದು ಆ ದಂಪತಿಗಳೂ ಎದ್ದರು. ಆ ತಾಯಿ ನನ್ನ ಕೆನ್ನೆ ಮುಟ್ಟಿ, "ಭಾಳ ಚಂದ ಇತ್ತು ಬೇಟಿ. ದೋಣಿ ಮುದುಕಗ ಅಲ್ಲಾ ಒಳ್ಳೇದು ಮಾಡ್ಲಿ," ಎಂದು ಹೋದಳು.

ಎರಡು ನಿಮಿಷದಲ್ಲಿ ಎಸಿ ಬಂದ್ ಆಯಿತು. ನಾನು ಮ್ಯಾನೇಜರನ ಹಿಂದೆ ಬಿದ್ದೆ.

"ಸಿನಿಮಾ ಮುಗಿದಿಲ್ರಿ."

"ಮಂದಿ ಮುಗದ್ರಲ್ಲ."

"ಹತ್ತು ಟಿಕೆಟ್ ಹರದೀರಿ ನೀವು."

"ಟಿಕೆಟ್ ಸಿನಿಮಾ ನೋಡ್ತಾವೇನವ್ವ? ಇಬ್ಬರ ಸಲುವಾಗಿ ನಾ ಮಷೀನ್ ಓಡಸಲ್ಲ. ಮನಿಗೆ ಹೋಗ್ರಿ."

ತಿರುಗಿ ನೋಡಿದೆ. ಅವ್ವ ಆಗಲೇ ಚಪ್ಪಲಿ ಮೆಟ್ಟಿ ಚೀಲ ಹಿಡಿದಿದ್ದಳು. "ಅವ್ವ, ನೀನರ ಹೇಳು," ಎಂದೆ. ಅವ್ವ ಮ್ಯಾನೇಜರನಿಗೆ ಹೇಳಿದಳು: "ಇರ್ಲಿ ಬಿಡಪ, ಚಲೋ ಇತ್ತು."

ಶಹಾಪುರದ ಬಸ್ಸು ಹತ್ತಿ ಅವ್ವನಿಗೆ ಕಿಟಕಿ ಕಡೆ ಜಾಗ ಹಿಡಿದೆ. ಆಮೇಲೆ ತಡೆಯಲಾಗದೆ, ಅರ್ಧ ಇನ್ನೂ ಉಳಿದಿದೆ, ಅದಕ್ಕೇ ನಿನ್ನನ್ನು ಕರೆತಂದದ್ದು ಎಂದೆ.

"ಮುಂದ ಸೇತುವಿ ಕಟ್ತಾರ. ಹೌದಲ್ಲ?" ಎಂದಳು ಅವ್ವ, ಕಿಟಕಿಯ ಕಡೆ ಮುಖ ಮಾಡಿ. "ಅಳತಿ ಮಾಡೋರು ಬಂದಾಗ ತಿಳೀತು ನನಗ. ಗೊತ್ತಿದ್ದದ್ದು ನೋಡಾಕ ಯಾದಗಿರಿತನ ಬರ್ಬೇಕೇನು?"

"ಅಷ್ಟ ಅಲ್ಲ ಅವ್ವ. ಅಂವ ಬಿಡಂಗಿಲ್ಲ. ಯಾರೂ ಬರದಿದ್ರೂ ದಿನಾ ಬಂದು ದೋಣಿ ತೊಳೀತಾನ."

"ಸಿನಿಮಾದವ್ರಿಗೆ ತೊಳಿಯಾಕ ಏನು ತ್ರಾಸು," ಎಂದಳು. ಮಡಿಲಿನ ಚೀಲ ಸರಿಮಾಡಿಕೊಂಡು ತಾನೇ ಹೇಳಿದಳು: "ನಮ್ಮಪ್ಪ ತೊಳೀಲಿಲ್ಲ. ಹರಿಗೋಲು ಬೋರಲ ಹಾಕಿ ಅದರ ಮ್ಯಾಲ ಮೆಣಸಿನಕಾಯಿ ಒಣಗ್ಸಿದ. ಬಾಜೂಕ ಕುಂತು ಕ್ವಾಳಿ ಓಡ್ಸಿದ. ಸಾಯೋತನ ಅಷ್ಟ ಮಾಡಿದ."

ನಾನು ಆಗ ಸುಮ್ಮನಿರಬೇಕಿತ್ತು. ಇನ್ನೇನು ಹೇಳುತ್ತಿದ್ದಳೋ ಕೇಳಬೇಕಿತ್ತು. ಅದರ ಬದಲು ಸಿನಿಮಾದ ಪರವಾಗಿ ವಾದಕ್ಕಿಳಿದೆ. ಕೊನೆಯ ದೃಶ್ಯದಲ್ಲಿ ಮಂಜು ಬರುತ್ತದೆ, ಒಂದೊಂದು ಹನಿಯನ್ನೂ ಹೇಗೆ ಬರೆದಿದ್ದಾರೆ ಗೊತ್ತಾ ಎಂದು ಕೈ ಆಡಿಸಿ ವಿವರಿಸಿದೆ. ಅವ್ವ ಸೆರಗು ತಲೆಯ ಮೇಲೆ ಎಳೆದುಕೊಂಡು ಕಣ್ಣು ಮುಚ್ಚಿದಳು.

ಮರುದಿನದಿಂದ ಓಣಿಯಲ್ಲಿ ಎಲ್ಲರಿಗೂ ಹೇಳಿದಳು, ಮಗಳು ನೀರುನಾಯಿ ಸಿನಿಮಾ ತೋರಿಸಿದಳೆಂದು. ನಗುತ್ತಲೇ ಹೇಳಿದಳು. ಪಕ್ಕದ ಮನೆಯ ಟಿವಿಗೆ ಫೋನು ಜೋಡಿಸಿ ಉಳಿದ ಅರ್ಧ ಹಾಕುತ್ತೇನೆ ಎಂದರೆ, "ಅದು ನೋಡೀನಲ್ಲ," ಎನ್ನುತ್ತಾಳೆ. ಮೂರು ಸಲ ಕೇಳಿದೆ, ಮೂರು ಸಲವೂ ಅದೇ ಉತ್ತರ. ಈಚೆಗೆ ಸ್ಟುಡಿಯೋದವರು ಅದನ್ನು ಆ್ಯಪ್‌ನಿಂದಲೂ ತೆಗೆದುಹಾಕಿದ್ದಾರೆ, ಯಾಕೆಂದು ಯಾರಿಗೂ ಹೇಳಿಲ್ಲ. ಇನ್ನು ಅವ್ವ ಹೂಂ ಎಂದರೂ ತೋರಿಸಲು ನನ್ನ ಹತ್ತಿರ ಏನೂ ಇಲ್ಲ. ಅಜ್ಜನ ಮಾತು ಅವಳು ಮತ್ತೆ ಎತ್ತಿಲ್ಲ. ನಾನೂ ಕೇಳಿಲ್ಲ, ಕೇಳಲು ಮುಖವಿಲ್ಲ.

ನೀವೂ ಹೀಗೆ ಯಾರೂ ನೋಡದ ಒಂದು ಕಾರ್ಟೂನನ್ನು ಎದೆಗೆ ಹಚ್ಚಿಕೊಂಡಿದ್ದೀರಾ? ನಿಮ್ಮ ಮನೆಯವರನ್ನು ಕೂರಿಸಿ ತೋರಿಸಿದ್ದೀರಾ? ಅವರು ಯಾವ ದೃಶ್ಯದಲ್ಲಿ ಎದ್ದು ಹೋದರು, ಎದ್ದಾಗ ಏನೆಂದರು, ನೀವು ಏನೆಂದಿರಿ? ನಾಲ್ಕು ಸಾಲಾದರೂ ಬರೆದು ತಿಳಿಸಿ. ಕೊನೆಯವರೆಗೆ ಕೂತವರು ಯಾರಾದರೂ ಇದ್ದರೆ ಅದನ್ನು ಮೊದಲು ಬರೆಯಿರಿ.