ಬಲಗೈಯವನನ್ನು ಇಳಿಸಿದ ದಿನ

ಒಂದೇ ಒಂದು ಮಾತು ಹೇಳಿದ್ದರೆ ವೀರೇಶಣ್ಣನ ಮೇಲೆ ಬಿದ್ದ ಕಳಂಕ ಅಲ್ಲೇ ತೊಳೆದುಹೋಗುತ್ತಿತ್ತು. ಆ ಮಾತು ನನ್ನ ನಾಲಿಗೆಯ ಮೇಲೇ ಇತ್ತು. ನಾನು ಹೇಳಲಿಲ್ಲ. ಹೇಳಿದರೆ ಮುಂದಿನ ವರ್ಷ ನಾನು ಗೆಲ್ಲುವುದಿಲ್ಲ — ಕಾರಣ ಇಷ್ಟೇ.

ಫೋನಿನಲ್ಲಿ ಆಡುವ ಬೇಸ್‌ಬಾಲ್ ಆಟಕ್ಕೆ ಇಷ್ಟೊಂದು ರಾದ್ಧಾಂತವೇ ಎಂದು ನೀವು ನಗಬಹುದು. ನಗಿರಿ. ನಾನು ದೇವದುರ್ಗದ ಬಸ್ ನಿಲ್ದಾಣದ ಹಿಂದೆ ಬಳೆ ಅಂಗಡಿ ಇಟ್ಟುಕೊಂಡವಳು, ಗಿರಿಜಾ. ಬೇಸ್‌ಬಾಲ್ ಬ್ಯಾಟನ್ನು ಕೈಯಲ್ಲಿ ಹಿಡಿದವಳಲ್ಲ. ನಮ್ಮ ಸೀಮೆಯಲ್ಲಿ ಅದನ್ನು ಆಡುವವರನ್ನು ಕಂಡವಳೂ ಅಲ್ಲ. ಆದರೆ ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಆ ಆಟ ನನಗೆ ಕೊಟ್ಟದ್ದನ್ನು ಬೇರೆ ಯಾವುದೂ ಕೊಟ್ಟಿರಲಿಲ್ಲ — ನಾನು ಯೋಚಿಸಿದ್ದು ಸರಿಯೋ ತಪ್ಪೋ ಎಂಬುದಕ್ಕೆ ಮರುದಿನವೇ ಉತ್ತರ.

ಕಲಿಸಿದವನು ವೀರೇಶಣ್ಣನೇ. ನನ್ನ ದೊಡ್ಡಮ್ಮನ ಮಗ, ಹಿರೇಕೊಟ್ನೆಕಲ್‌ನಲ್ಲಿ ಭತ್ತದ ಗದ್ದೆ ಮಾಡಿಕೊಂಡಿರುವವನು. ಗುಂಜಹಳ್ಳಿಯ ನಮ್ಮ ತವರಿಗೆ ದೀಪಾವಳಿಗೆ ಬಂದಾಗ ಕಟ್ಟೆಯ ಮೇಲೆ ಕೂತು ಫೋನು ತೋರಿಸಿದ. ಇದರಲ್ಲಿ ನಾವು ಆಡುವುದಿಲ್ಲ, ಆಡಿಸುತ್ತೇವೆ. ಯಾರನ್ನು ಕೊಳ್ಳಬೇಕು, ಇವತ್ತು ಯಾರು ಚೆಂಡು ಎಸೆಯಬೇಕು, ಯಾರು ಮೊದಲು ಬ್ಯಾಟು ಹಿಡಿಯಬೇಕು, ಯಾರು ದಣಿದಿದ್ದಾನೆ — ಇಷ್ಟನ್ನು ನಿರ್ಧರಿಸಿ ಬೀಗ ಹಾಕಿಬಿಟ್ಟರೆ ದಿನಕ್ಕೊಂದು ಪಂದ್ಯವನ್ನು ಯಂತ್ರವೇ ಆಡಿ ಮುಗಿಸುತ್ತದೆ.

ಪರಿಚಯದವರದೇ ಎಂಟು ತಂಡ. ಎಂಟನೆಯದಕ್ಕೆ ಯಾರೂ ಸಿಗದಿದ್ದಾಗ ನನ್ನನ್ನು ಸೇರಿಸಿಕೊಂಡರು. ಎಲ್ಲಕ್ಕಿಂತ ಬಲವಾದ ತಂಡ ರಾಯಚೂರಿನ ಅಕ್ಕಿ ಗಿರಣಿಯ ಶರಣಪ್ಪನವರದು. ವೀರೇಶಣ್ಣ ಅದರಲ್ಲಿ ಅವರ ಜೊತೆಗಾರ. ಇಬ್ಬರೂ ಕಾಲೇಜಿನಿಂದ ಗೆಳೆಯರು. ಓದುವಾಗ ವೀರೇಶಣ್ಣ ಉಂಡದ್ದೆಲ್ಲ ಶರಣಪ್ಪನವರ ತಾಯಿಯ ಕೈಯ ರೊಟ್ಟಿ. ಆಕೆಯನ್ನು ಅವನೂ 'ಯವ್ವಾ' ಎಂದೇ ಕರೆಯುತ್ತಿದ್ದ.

ಆ ತಂಡವನ್ನು ನಾನು ಹೇಗೆ ಸೋಲಿಸಿದೆ ಎಂಬುದನ್ನು ಇಲ್ಲಿ ಪೂರ್ತಿ ಬರೆಯುತ್ತೇನೆ. ಅದರಲ್ಲಿ ಮುಚ್ಚಿಡುವಂಥದ್ದು ಏನೂ ಇರಲಿಲ್ಲ — ಮುಚ್ಚಿಟ್ಟವಳು ನಾನು.

ದೊಡ್ಡವರನ್ನು ದಿನವೂ ಗೆಲ್ಲುವ ಶಕ್ತಿ ಸಣ್ಣ ತಂಡಕ್ಕಿಲ್ಲ. ಬೇಕಾದ ದಿನ ಗೆದ್ದರೆ ಸಾಕು. ಅವರ ದೊಡ್ಡ ಹೊಡೆತಗಾರರೆಲ್ಲ ಎಡಗೈಯವರು. ಎಡಗೈ ಎಸೆತ ಎಡಗೈ ಬ್ಯಾಟಿಗೆ ಕಷ್ಟ, ಬಲಗೈ ಎಸೆತ ಬಲಗೈ ಬ್ಯಾಟಿಗೆ. ಯಾರಿಗೂ ಬೇಡವಾಗಿ ಅಗ್ಗಕ್ಕೆ ಬಿದ್ದಿದ್ದ ಎಡಗೈ ಎಸೆತಗಾರರನ್ನು ಒಬ್ಬೊಬ್ಬರಾಗಿ ಕೊಂಡು ಕೂಡಿಸಿಕೊಂಡೆ. ಶರಣಪ್ಪನವರಿಗೆ ಆ ಎಸೆತಗಾರರನ್ನು ತೋರಿಸಲೇ ಇಲ್ಲ. ಅವರ ಎದುರಿನ ಪಂದ್ಯಗಳಲ್ಲಿ ದಣಿದವರನ್ನೇ ಇಳಿಸಿ ಹೀನಾಯವಾಗಿ ಸೋತೆ. ಬೇಕೆಂದೇ ಸೋತೆ. ಗಿರಿಜಾಳ ತಂಡ ಎಂದರೆ ನಗೆಪಾಟಲು ಎಂದು ಅವರು ತಿಳಿಯಲಿ ಎಂದು. ಇದು ಮೋಸ ಎಂದು ಆಮೇಲೆ ಕೆಲವರು ಅಂದರು. ನಾನು ಒಪ್ಪುವುದಿಲ್ಲ. ನಮ್ಮನ್ನು ಹಗುರವಾಗಿ ಕಂಡವರು ಅವರು. ಆ ಹಗುರತನವನ್ನು ನಾನು ಬಳಸಿಕೊಂಡೆ, ಅಷ್ಟೇ.

ಹೀಗೆ ತೆವಳುತ್ತಾ, ಉಳಿದವರನ್ನು ಹೇಗೋ ಗೆದ್ದು ಫೈನಲ್ಲಿಗೆ ಬಂದೆ. ಮೂರು ಪಂದ್ಯ, ಎರಡು ಗೆದ್ದವರಿಗೆ ಪಟ್ಟ. ಶನಿವಾರ ಎಡಗೈಯವನನ್ನು ಇಳಿಸಿದೆ, ಗೆದ್ದೆ. ಭಾನುವಾರದ ಪಂದ್ಯಕ್ಕೆ ಶರಣಪ್ಪನವರು ಎಲ್ಲರನ್ನೂ ಗಿರಣಿಯ ಆಫೀಸಿಗೆ ಕರೆದಿದ್ದರು. ಗೋಡೆಯ ಮೇಲೆ ದೊಡ್ಡ ಟಿವಿ, ತಿನ್ನಲು ಮಿರ್ಚಿ ಭಜಿ, ಮಂಡಾಳು, ಜೊತೆಗೆ ಚಹಾ. ಬೀಗ ಹಾಕಿಟ್ಟಿದ್ದ ಎರಡೂ ತಂಡಗಳ ಆಟಗಾರರ ಹೆಸರುಗಳು ಆಗಲೇ ಮೊದಲ ಸಲ ಪರದೆಯ ಮೇಲೆ ಮೂಡಿದವು. ಶರಣಪ್ಪನವರು ತಮ್ಮ ಎಡಗೈ ಹೊಡೆತಗಾರರನ್ನೆಲ್ಲ ಕೂರಿಸಿ ಬಲಗೈಯವರನ್ನು ತಂದಿದ್ದರು. ನಾನು ವಾರವಿಡೀ ಮುಟ್ಟದೆ ಇಟ್ಟಿದ್ದ ಬಲಗೈ ಎಸೆತಗಾರನನ್ನು ಇಳಿಸಿದ್ದೆ.

ಅವನು ಆ ದಿನ ಅವರನ್ನು ನುಂಗಿ ನೀರು ಕುಡಿದ.

ಪಂದ್ಯ ಮುಗಿದಾಗ ಶರಣಪ್ಪನವರು ಮೊದಲು ನಕ್ಕರು. ದೊಡ್ಡ ಮನುಷ್ಯ, ಸೋಲನ್ನು ನಗುತ್ತಲೇ ತೆಗೆದುಕೊಳ್ಳಬೇಕೆಂದು ಕಲಿತವರು. ಆಮೇಲೆ ಕೇಳಿದರು, "ಬಲಗೈಯವನ್ನ ಯಾಕ ಇಳಿಸಿದಿ ಗಿರಿಜವ್ವ? ನಿನ್ನಿ ಎಡಗೈಯವನಿಂದಽ ಗೆದ್ದಿದ್ದಿ."

ಉತ್ತರ ಸರಳವಿತ್ತು. ಹಳೆಯ ಪಂದ್ಯಗಳ ವಿವರವನ್ನು ಆ ಆಟದಲ್ಲಿ ಯಾರು ಬೇಕಾದರೂ ತೆಗೆದು ನೋಡಬಹುದು. ಅಂಗಡಿಯಲ್ಲಿ ಕೂತು ನಾನು ಅವರ ಎಲ್ಲಾ ಪಂದ್ಯಗಳನ್ನೂ ನೋಡಿದ್ದೆ. ಸೋತ ಮರುದಿನ ಶರಣಪ್ಪನವರು ತಂಡವನ್ನು ಪೂರ್ತಿ ಬುಡಮೇಲು ಮಾಡುತ್ತಾರೆ — ಪ್ರತಿ ಸಲವೂ. ಎಡಗೈ ಎಸೆತದಿಂದ ಸೋತರೆ ಬಲಗೈ ಬ್ಯಾಟುಗಳನ್ನು ತರುತ್ತಾರೆ. ಇಷ್ಟನ್ನು ಹೇಳಬೇಕಿತ್ತು. ಹೇಳಿದ್ದರೆ ಆ ಅಭ್ಯಾಸವನ್ನು ಅವರು ಅಂದೇ ಬಿಡುತ್ತಿದ್ದರು. ಮತ್ತೆ ಎಲ್ಲಿಂದ ತರಲಿ ನಾನು ಅಂಥ ಕೀಲಿಯನ್ನು?

"ಸುಮ್ನ ರೀ," ಎಂದೆ. "ಯಾಕೋ ಅನಿಸ್ತು, ಇಳಿಸಿದೆ."

ಶರಣಪ್ಪನವರ ನಗು ಇಳಿಯಿತು. ಅವರು ವೀರೇಶಣ್ಣನ ಕಡೆ ತಿರುಗಿದರು. ಆ ಬದಲಾವಣೆ ಗೊತ್ತಿದ್ದದ್ದು ಅವರಿಬ್ಬರಿಗೇ. ಅವನು ನನ್ನ ಬಂಧು. ಆಟ ಕಲಿಸಿದವನೂ ಅವನೇ.

"ಉಂಡ ಮನಿ ಜಂತಿ ಎಣಿಸಿದ್ಯಲ್ಲೋ ವೀರೇಶ," ಅಂದರು. ದನಿ ಏರಿಸಲಿಲ್ಲ.

"ನಾ ಏನೂ ಹೇಳಿಲ್ಲ," ಅಂದ ವೀರೇಶಣ್ಣ. ಮತ್ತೆ ನನ್ನ ಮುಖ ನೋಡಿದ. ನೋಡುತ್ತಾ ನಿಂತ — ನಾನು ಈಗ ಬಾಯಿ ಬಿಡುತ್ತೇನೆ ಎಂಬಂತೆ. ನಾನು ತಟ್ಟೆಯಲ್ಲಿದ್ದ ಮಿರ್ಚಿಯ ತೊಟ್ಟು ಮುರಿಯುತ್ತಾ ಕೂತೆ.

ಅವನು ಚಪ್ಪಲಿ ಮೆಟ್ಟಿ ಹೊರಟುಹೋದ.

ನಾಲ್ಕು ದಿನದಲ್ಲಿ ಸರಿಹೋಗುತ್ತದೆ ಎಂದುಕೊಂಡೆ. ಇಲ್ಲ, ಹಾಗೆ ಅಂದುಕೊಂಡೆ ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡೆ. ಅವನಿಗೆ ಫೋನು ಮಾಡಲಿಲ್ಲ. ಅವನೂ ಮಾಡಲಿಲ್ಲ. ಅವನ ಹೆಸರು ತಂಡದಿಂದ ಹೋಯಿತು, ನಮ್ಮ ಫೋನಿನ ಗುಂಪಿನಿಂದ ಹೋಯಿತು, ಗಿರಣಿಯ ಆಫೀಸಿನ ಮಾತುಗಳಿಂದಲೂ ಹೋಯಿತು.

ಮುಂದಿನ ಬೇಸಿಗೆಯಲ್ಲಿ ಶರಣಪ್ಪನವರ ತಾಯಿ ತೀರಿಕೊಂಡರು. ನಾನು ಮಣ್ಣಿಗೆ ಹೋದೆ. ವೀರೇಶಣ್ಣನಿಗೆ ಯಾರೂ ಹೇಳಿಕಳಿಸಿರಲಿಲ್ಲ. ಯಾರಿಂದಲೋ ಕೇಳಿ ಬಂದಿದ್ದ. ಒಳಗೆ ಬಾರದೆ ರಸ್ತೆಯಾಚೆ ಬೇವಿನ ಗಿಡದ ಕೆಳಗೆ ನಿಂತಿದ್ದ. ನಾನು ಹೊರಗೆ ಬಂದಾಗ ಹತ್ತಿರ ಕರೆದು ಒಂದೇ ಮಾತು ಕೇಳಿದ.

"ಯವ್ವನ ಮಾರಿ ಹೆಂಗಿತ್ತು?"

"ಮಲಗಿದಂಗಿತ್ತಣ್ಣ," ಎಂದೆ.

ಅವನು ತಲೆಯಾಡಿಸಿದ. ಆಗಲಾದರೂ ಒಳಗೆ ಹೋಗಿ ಶರಣಪ್ಪನವರಿಗೆ ಹೇಳಬಹುದಿತ್ತು — ಕರೆಯಿರಿ ಅವನನ್ನು, ಅವನು ಏನೂ ಮಾಡಿಲ್ಲ ಎಂದು. ಬಾಗಿಲು ಕೂಗಳತೆಯಲ್ಲಿತ್ತು. ಆ ತಿಂಗಳ ಕೊನೆಗೆ ನಮ್ಮ ಎರಡನೆಯ ವರ್ಷದ ಫೈನಲ್ಲು ಶುರುವಾಗುವುದಿತ್ತು. ನಾನು ಬಸ್ಸು ಹತ್ತಿ ದೇವದುರ್ಗಕ್ಕೆ ಬಂದೆ.

ಆ ವರ್ಷವೂ ಗೆದ್ದೆ. ಅದೇ ಉಪಾಯ. ಮೊದಲ ದಿನ ಸೋತರು, ಮರುದಿನ ಬುಡಮೇಲು ಮಾಡಿದರು, ನಾನು ಕಾದು ಕೂತಿದ್ದೆ. ಈ ಸಲ ಅನುಮಾನಿಸಲು ಅವರ ಪಕ್ಕದಲ್ಲಿ ಯಾರೂ ಇರಲಿಲ್ಲ. ಆದರೂ ವೀರೇಶಣ್ಣನದು ತಪ್ಪಿರಲಿಲ್ಲ ಎಂದು ಶರಣಪ್ಪನವರಿಗೆ ಹೊಳೆಯಲಿಲ್ಲ — ಅಥವಾ ಹೊಳೆದರೂ ಒಪ್ಪಿಕೊಳ್ಳುವುದು ಅವರಿಗೆ ಕಷ್ಟವಾಯಿತು.

ಮೂರನೆಯ ವರ್ಷ ಶರಣಪ್ಪನವರ ಮಗಳು ತಂಡ ವಹಿಸಿಕೊಂಡಳು. ಅವಳು ಸೋತರೂ ಒಬ್ಬನನ್ನೂ ಬದಲಿಸುವವಳಲ್ಲ. ನನ್ನ ಉಪಾಯ ಕೈಕೊಟ್ಟಿತು; ನೆಟ್ಟಗೆ ಸೋತೆ. ಮುಚ್ಚಿಟ್ಟು ಕಾಯುವುದಕ್ಕೆ ಇನ್ನು ಏನೂ ಉಳಿದಿರಲಿಲ್ಲ. ಆಗ ನಾನು ಹೇಳಲು ಹೊರಟೆ. ಗುಟ್ಟು ಕೆಲಸಕ್ಕೆ ಬಾರದಾದ ಮೇಲೆಯೇ ನನಗೆ ಸತ್ಯ ಹೇಳುವ ಧೈರ್ಯ ಬಂತು.

ಮೊದಲು ಗಿರಣಿಗೆ ಹೋದೆ. ಶರಣಪ್ಪನವರು ಎಲ್ಲವನ್ನೂ ಕೇಳಿ, "ಹೋಗ್ಲಿ ಬಿಡವ್ವ. ಆಟದ ಮಾತು, ಹಳೀದಾತು," ಅಂದರು.

"ಆಟದ ಮಾತಿಗೇ ನೀವು ಅವನ್ನ ಹೊರಗ ಹಾಕಿದ್ರಿ," ಎಂದೆ. "ಯವ್ವನ ಮಣ್ಣಿಗೂ ಕರೀಲಿಲ್ಲ. ತಪ್ಪು ನಂದು ಅದ, ಒಪ್ಕೊಂಡೀನಿ. ನೀವೂ ಒಂದು ಮಾತು ಕೇಳಬೇಕಾಗಿತ್ತು ಅವನ್ನ."

ಅವರು ಎದ್ದು ಭತ್ತದ ಚೀಲಗಳನ್ನು ಎಣಿಸಲು ಹೋದರು.

ಮಾನ್ವಿ ದಾಟಿ ಹಿರೇಕೊಟ್ನೆಕಲ್‌ಗೆ ಹೋದಾಗ ವೀರೇಶಣ್ಣ ಗದ್ದೆಗೆ ನೀರು ತಿರುಗಿಸುತ್ತಿದ್ದ. ಬದುವಿನ ಮೇಲೆ ನಿಂತೇ ಹೇಳಿದೆ. ಸಲಿಕೆಯನ್ನು ಕೆಸರಿಗೆ ಊರಿ ಎಲ್ಲವನ್ನೂ ಕೇಳಿಸಿಕೊಂಡ. ನಾನು ಮುಗಿಸಿದ ಮೇಲೆ ಅವನು ಹೇಳಿದ ಮಾತಿಗೆ ನಾನು ಸಿದ್ಧಳಾಗಿರಲಿಲ್ಲ.

"ಸೋತ ಮರುದಿನ ಅವ ಎಲ್ಲಾ ತಿರುವಿ ಹಾಕ್ತಾನ ಅನ್ನೋದು ನನಗೂ ಗೊತ್ತಿತ್ತು. ನೀ ಬಲಗೈಯವನ್ನ ಇಳಿಸಿದ್ದು ನೋಡಿದ ಕೂಡ್ಲೇ ತಿಳೀತು."

"ಮತ್ತ ಯಾಕ ಹೇಳಲಿಲ್ಲಣ್ಣ ಅವತ್ತು?"

"ಕಂಡುಹಿಡದಾಕಿ ನೀನು. ನಾ ಹೇಳಿದ್ರ ನಿನ್ನ ಕೈಯಾಗಿನ ಆಟ ಹೋಗ್ತಿತ್ತು. ಅದಕ್ಕಽ ನಿನ್ನ ಮಾರಿ ನೋಡಿದೆ." ಸಲಿಕೆಯನ್ನು ಕೆಸರಿನಿಂದ ಎತ್ತಿಕೊಂಡು ಅಂದ, "ನೀನಽ ಹೇಳ್ತಿ ಅಂದ್ಕೊಂಡಿದ್ದೆ."

ಮನೆಗೆ ಕರೆದೊಯ್ದು ಚಹಾ ಕುಡಿಸಿದ. ಕ್ಷಮಿಸಿದ್ದೇನೆ ಎಂದು ಹೇಳಲಿಲ್ಲ. ಕೇಳುವ ಮುಖ ನನಗಿರಲಿಲ್ಲ. ಆಮೇಲೆ ಶರಣಪ್ಪನವರು ಅವನಿಗೆ ಫೋನು ಮಾಡಿದರೆಂದು ತಿಳಿಯಿತು. ಏನು ಮಾತಾಡಿಕೊಂಡರೋ ಗೊತ್ತಿಲ್ಲ. ವೀರೇಶಣ್ಣ ಗಿರಣಿಗೆ ಮತ್ತೆ ಹೋಗಿಲ್ಲ. ಆಟಕ್ಕೂ ಬಂದಿಲ್ಲ.

ಆ ಎರಡು ಗೆಲುವನ್ನು ಬಿಟ್ಟುಕೊಡು ಎಂದು ಗುಂಪಿನಲ್ಲಿ ಯಾರೋ ಬರೆದರು. ಕೊಡುವುದಿಲ್ಲ. ಅಗ್ಗದ ಆಟಗಾರರನ್ನು ಕಟ್ಟಿಕೊಂಡು, ಬಲ್ಲಿದರ ಅಭ್ಯಾಸಗಳನ್ನು ಓದಿ ಗೆದ್ದವಳು ನಾನು. ಅದರಲ್ಲಿ ಒಂದು ಕೂದಲೆಳೆಯಷ್ಟೂ ಕಳ್ಳತನವಿಲ್ಲ. ತಟ್ಟೆಯ ಮುಂದೆ ತಲೆ ತಗ್ಗಿಸಿ ಕೂತವಳೂ ನಾನೇ. ಆ ಗೆಲುವನ್ನು ನೋಡಿ ಈ ತಪ್ಪನ್ನು ಮರೆಯಿರಿ ಎಂದು ಯಾರನ್ನೂ ಕೇಳುವುದಿಲ್ಲ.

ನನ್ನ ತಂಡ ಈಗಲೂ ಎಲ್ಲಕ್ಕಿಂತ ದುರ್ಬಲ. ಈ ವರ್ಷ ಬೇರೊಂದು ದಾರಿ ಹುಡುಕುತ್ತಿದ್ದೇನೆ, ಸಿಗುತ್ತದೆ. ಸಿಕ್ಕ ದಿನ ಹೇಗೆ ಗೆದ್ದೆ ಎಂದು ಯಾರು ಕೇಳಿದರೂ ಎಲ್ಲರ ಎದುರಿಗೇ ಹೇಳುತ್ತೇನೆ — ಮರುದಿನವೇ ಸೋತರೂ ಸರಿ.