ಮಂಗಳೂರು ಬಸ್ಸು ಹತ್ತಿದ ಚಾವಿ

ಕುಂಟಲಗುಡ್ಡೆ ಪಂಚಾಯತಿಯ ಸಭೆ ಸೇರುತ್ತಿದ್ದುದು ಸಂಜೆಯ ಮಂಗಳೂರು ಬಸ್ಸು ಬಂದ ಮೇಲೆ. ಬೇರೆ ದಾರಿಯಿರಲಿಲ್ಲ. ಪಾಣೆಮಂಗಳೂರು ಪೇಟೆಯಿಂದ ತುಸು ಮೇಲಿನ ಆ ಗುಡ್ಡೆಯಲ್ಲಿ ಹೊಸ ಹೆಂಚಿನ ಮನೆ ಕಟ್ಟಿಸಿಕೊಂಡವರೆಲ್ಲ ಮಂಗಳೂರಿನಲ್ಲಿ ಹೋಟೆಲು, ಬ್ಯಾಂಕು, ವಕೀಲಿಕೆ ಎಂದು ಬೆಳಿಗ್ಗೆ ಬಸ್ಸು ಹತ್ತಿದರೆ ಕತ್ತಲಾಗುವಾಗ ಇಳಿಯುವವರು. ಹಗಲಿಡೀ ಗುಡ್ಡೆಯಲ್ಲಿ ಹೆಂಗಸರು, ಮಕ್ಕಳು ಮತ್ತು ಕಟ್ಟಿಹಾಕಿದ ನಾಯಿಗಳು ಮಾತ್ರ. ಊರಿನ ಆಡಳಿತವೂ ಟಿಕೆಟು ತೆಗೆದುಕೊಂಡು ಬಸ್ಸಿನಲ್ಲೇ ಹೋಗಿ ಬರುತ್ತಿತ್ತು.

ಆ ಸಭೆಯಲ್ಲಿ ಬಾಗಿಲ ಪಕ್ಕದ ಸ್ಟೂಲಿನಲ್ಲಿ ಸೆರಗು ಹೊದ್ದು ಕೂರುತ್ತಿದ್ದವಳು ಸೇಸಮ್ಮ. ಗುಡ್ಡೆಯ ಬುಡದಲ್ಲಿ ಮುಳಿಹುಲ್ಲು ಹೊದೆಸಿದ ಮನೆಗಳ ಒಂದು ಸಾಲು, ಅದರ ಕೊನೆಯ ಮನೆ ಅವಳದು. ಮಡಿಲಲ್ಲಿ ತಡ್ಪೆ ಎಂಬ ಮೊರ ಇಟ್ಟುಕೊಂಡು ಬೀಡಿ ಕಟ್ಟುವುದು ಅವಳ ಕೆಲಸ. ಪಂಚಾಯತಿಯಲ್ಲಿ ಹೆಂಗಸರೂ ಇರಬೇಕೆಂದು ಹೊಸ ಕಾನೂನು ಬಂದಾಗ ಗುಡ್ಡೆಯ ಯಜಮಾನರಿಗೆ ಪೇಚಾಟಕ್ಕಿಟ್ಟುಕೊಂಡಿತು. ಗಂಡಸರ ನಡುವೆ ತಮ್ಮ ಮನೆಯ ಹೆಂಗಸರನ್ನು ಕೂರಿಸಲು ಯಾರಿಗೂ ಮನಸ್ಸಿಲ್ಲ. ಆಗ ಅಧ್ಯಕ್ಷ ಕಮಲಾಕ್ಷ ರೈಗಳಿಗೆ ಸೇಸಮ್ಮ ನೆನಪಾದಳು. ಅವಳ ಮನೆ ನಿಂತದ್ದು ರೈಗಳ ಜಾಗದಲ್ಲಿ. ಅಲ್ಲದೆ ಅವಳು ತಿರುಗಿ ಮಾತಾಡುವ ಹೆಂಗಸಲ್ಲ.

ಮೊದಲ ಸಭೆ ಮುಗಿಸಿ ಬಂದ ದಿನ ಗಂಡ ತುಕ್ರಪ್ಪ ಚಾಪೆಯಲ್ಲಿ ಮಲಗಿದ್ದಲ್ಲಿಂದಲೇ ತಮಾಷೆ ಮಾಡಿದ್ದ.

"ಮೆಂಬರು ಬಂದ್ರಾ? ಗಂಜಿ ಬಡಿಸ್ತೀರಾ, ಅಲ್ಲ ಅದಕ್ಕೂ ಮೀಟಿಂಗ್ ಮಾಡ್ಬೇಕಾ?"

"ನಿಮ್ಮ ಬಾಯಿಗೆ ಮೊದಲು ಬೀಗ ಹಾಕ್ಬೇಕು ಮಾರಾಯ್ರೆ," ಎಂದು ನಕ್ಕು ಅವಳು ಅವನನ್ನು ಎತ್ತಿ ಗೋಡೆಗೆ ಒರಗಿಸಿ ಕೂರಿಸಿದಳು. ತುಕ್ರಪ್ಪ ಬಾವಿ ತೋಡುವವನಾಗಿದ್ದ. ಸಾಲಿನವರಿಗೆಲ್ಲ ನೀರು ಕೊಡುತ್ತಿದ್ದ ಬಾವಿಯನ್ನು ತೋಡಿದ್ದು ಅವನೇ. ಆಮೇಲೆ ವಾಮದಪದವಿನ ಕಡೆ ಇನ್ನೊಂದು ಬಾವಿ ತೋಡುವಾಗ ಮೇಲಿಂದ ಬಿದ್ದು ಸೊಂಟದ ಕೆಳಗೆ ಬಲವಿಲ್ಲದಂತಾದ. ಕಾಲು ಹೋಯಿತು, ನಾಲಿಗೆ ಉಳಿಯಿತು ಎಂದು ಅವನೇ ಹೇಳಿಕೊಳ್ಳುತ್ತಿದ್ದ.

ಪಂಚಾಯತಿಯಲ್ಲಿ ಸೇಸಮ್ಮನ ಕೆಲಸ ಒಂದೇ, ಕೈ ಎತ್ತುವುದು. ಪುಸ್ತಕದ ಕನ್ನಡದಲ್ಲಿ ಏನೇನೋ ಓದುತ್ತಿದ್ದರು, ಅರ್ಧ ತಿಳಿಯುತ್ತಿತ್ತು, ಅರ್ಧ ಇಲ್ಲ. ತಿಳಿಯುವ ಅಗತ್ಯವೂ ಅವಳಿಗೆ ಕಾಣಲಿಲ್ಲ. ರೈಗಳ ಕೈ ಮೇಲೆ ಹೋದಾಗ ಅವಳದೂ ಹೋಗುತ್ತಿತ್ತು. ದಣಿಗಳ ಕೈ ಎದ್ದಿರುವಾಗ ಒಕ್ಕಲಿನವರ ಕೈ ಕೆಳಗಿರುವುದು ಎಲ್ಲಾದರೂ ಉಂಟೇ? ಅವಳ ಅಪ್ಪ, ಅಜ್ಜ ಯಾರೂ ಹಾಗೆ ಮಾಡಿದವರಲ್ಲ.

ಆದರೆ ಬಾವಿಯ ವಿಷಯ ಬಂದಾಗ ಅವಳಿಗೆ ಎಲ್ಲವೂ ತಿಳಿದಿತ್ತು. ಅದನ್ನು ಮರೆಮಾಚಿ ಪ್ರಯೋಜನವಿಲ್ಲ. ಅರುವತ್ತೆರಡರ ಬೇಸಗೆ. ಗುಡ್ಡೆಗೆ ಕರೆಂಟು ಬಂದಿತ್ತು. ತುಕ್ರಪ್ಪನ ಬಾವಿಗೆ ಪಂಪು ಕೂರಿಸಿ ಮೇಲಿನ ಮನೆಗಳಿಗೆ ಪೈಪು ಎಳೆದಿದ್ದರು. ಕೆಳಗಿನ ಸಾಲಿನವರು ಹಗಲಿಡೀ ಸೇದಿದರೆ ಸಂಜೆ ಪಂಪಿಗೆ ಕೆಸರೇ ಸಿಗುತ್ತದೆ ಎಂದು ಮೇಲಿನವರ ದೂರು. ಬಾವಿಗೆ ಕಬ್ಬಿಣದ ಸರಳಿನ ಮುಚ್ಚಳ ಹಾಕಿಸಿ ಬೀಗ ಜಡಿಯುವುದು, ಮುಂಜಾನೆ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು ಸಾಲಿನವರಿಗೆ ತೆರೆದುಕೊಡುವುದು ಎಂದು ರೈಗಳು ಓದಿದರು. ಚಾವಿ ಅವರ ಬಳಿಯೇ ಇರುವುದೆಂದೂ ಆಯಿತು. ಬೇರೆಯವರ ಮೇಲೆ ನಂಬಿಕೆಯಿಲ್ಲ. ಬಸ್ಸಿಗೆ ಹೋಗುವಾಗ ಬೀಗ ಹಾಕುವುದು, ಬಸ್ಸಿಳಿದು ಬರುವಾಗ ತೆಗೆಯುವುದು.

"ಏನು ಸೇಸಮ್ಮ, ಆಗಬಹುದಲ್ಲ?" ಎಂದು ಅವತ್ತು ರೈಗಳು ಎಲ್ಲರೆದುರು ಅವಳನ್ನೇ ಕೇಳಿದರು.

ಅವಳನ್ನು ಯಾರೂ ಯಾವತ್ತೂ ಏನನ್ನೂ ಕೇಳಿದವರಲ್ಲ. ಆ ಒಂದು ಪ್ರಶ್ನೆಗೆ ಅವಳ ಮುಖ ಕೆಂಪಾಯಿತು. "ದಣಿಗಳು ಹೇಳಿದ ಹಾಗೆ," ಎಂದು ಕೈ ಎತ್ತಿದಳು.

ಸಾಲಿನ ಹೆಂಗಸರು ಮುನಿಸಿಕೊಂಡರು. ಪಕ್ಕದ ಮನೆಯ ರುಕಿಯಾ ಮಾತ್ರ ಮುಖದ ಮೇಲೆ ಹೇಳಿದಳು. "ನಿಮ್ಮ ಗಂಡ ತೋಡಿದ ಬಾವಿ ಸೇಸಮ್ಮಕ್ಕ. ನೀವೇ ಬೀಗ ಹಾಕ್ಲಿಕ್ಕೆ ಹೇಳಿ ಬಂದ್ರಲ್ಲ." ತುಕ್ರಪ್ಪ ಏನೂ ಹೇಳಲಿಲ್ಲ. ಮಾತಿನ ಮಲ್ಲ ಸುಮ್ಮನಾದಾಗ ಅವಳಿಗೆ ಬೈಗುಳಕ್ಕಿಂತ ಹೆಚ್ಚು ನೋವಾಯಿತು.

ಮುಂದಿನ ವರ್ಷದ ಎಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಸಾಲಿನ ಆಚೆ ತುದಿಯ ಮನೆಗೆ ಬೆಂಕಿ ಬಿತ್ತು. ಒಲೆಯ ಕಿಡಿ ಮುಳಿಹುಲ್ಲಿನ ಮಾಡಿಗೆ ಹಾರಿತ್ತು. ಗಂಡಸರೆಲ್ಲ ಕೂಲಿಗೆ ಹೋಗಿದ್ದರು. ಹೆಂಗಸರು ಬೀಡಿ ತಡ್ಪೆಗಳನ್ನು ಎಸೆದು, ಮಕ್ಕಳನ್ನು ಹೊರಗೆಳೆದು, ಕೊಡಪಾನ ಹಿಡಿದು ಬಾವಿಗೆ ಓಡಿದರು. ಉರಿಯುವ ಮನೆ ಹೇಗೂ ಹೋದ ಹಾಗೆ, ಉಳಿದ ಮಾಡುಗಳಿಗೆ ನೀರು ಎರಚಿ ಒದ್ದೆ ಮಾಡಿಟ್ಟರೆ ಬೆಂಕಿ ಅಲ್ಲಿಗೇ ನಿಲ್ಲುತ್ತದೆ. ಮುಳಿಮನೆಯವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಬಾವಿಯ ಮೇಲೆ ಮುಚ್ಚಳ, ಮುಚ್ಚಳಕ್ಕೆ ಬೀಗ. ರುಕಿಯಾ ಎಲ್ಲಿಂದಲೋ ಹಾರೆ ತಂದು ಬೀಗದ ಕೊಂಡಿಗೆ ತೂರಿಸಿದಳು. ಎರಡು ಸಲ ಮೀಟಿದರೆ ಸಾಕಿತ್ತು.

ಸೇಸಮ್ಮ ಹಾರೆಯನ್ನು ಹಿಡಿದುಕೊಂಡಳು. "ಬೇಡ ರುಕಿಯಾ! ಪಂಚಾಯತಿಯ ಬೀಗ ಅದು. ಒಡೆದರೆ ನಾಳೆ ನಮ್ಮನ್ನು ಎಬ್ಬಿಸ್ತಾರೆ. ನಾನು ಮೆಂಬರು, ಚಾವಿ ತರ್ತೇನೆ. ಈಗ ಬರ್ತೇನೆ, ನಿಲ್ಲಿ!"

ಅವಳು ಕಂಡದ್ದು ರೈಗಳ ಜಾಗ, ತನ್ನ ಮನೆ, ಅದರೊಳಗೆ ಕಾಲಿಲ್ಲದ ಗಂಡ. ಜಾಗದಿಂದ ಎಬ್ಬಿಸಿದರೆ ಅವನನ್ನು ಹೊತ್ತುಕೊಂಡು ಎಲ್ಲಿಗೆ ಹೋಗುವುದು? ಬೆಂಕಿ ಆಚೆ ತುದಿಯಲ್ಲಿತ್ತು, ಅವಳ ಮನೆ ಈಚೆ ತುದಿಯಲ್ಲಿ. ಸಮಯ ಉಂಟು, ಚಾವಿ ರೈಗಳ ಮನೆಯಲ್ಲೇ ಇರುತ್ತದೆ ಎಂದುಕೊಂಡಳು. ಗುಡ್ಡೆಯನ್ನು ಏದುಸಿರು ಬಿಡುತ್ತಾ ಹತ್ತಿದಳು.

ರೈಗಳ ಹೆಂಡತಿ ಕುಸುಮಕ್ಕ ಊಟ ಮುಗಿಸಿ ಚಾವಡಿಯಲ್ಲಿ ಅಡ್ಡವಾಗಿದ್ದರು. ಸೇಸಮ್ಮನ ಮಾತು ಕೇಳಿ ದಡಬಡಿಸಿ ಎದ್ದು, ಗೋಡೆಯ ಮೊಳೆ ನೋಡಿ, ಮೇಜಿನ ಡ್ರಾಯರು ಎಳೆದು, ಕೊನೆಗೆ ಹಣೆ ಬಡಿದುಕೊಂಡರು.

"ಅಯ್ಯೋ, ಅದು ಅವರ ಕೋಟಿನ ಕಿಸೆಯಲ್ಲಿ ಅಲ್ವಾ ಮಾರಾಯ್ತಿ! ದಿನಾ ಮಂಗಳೂರಿಗೆ ಹೋಗ್ತದೆ."

ಸೇಸಮ್ಮ ತಿರುಗಿ ನೋಡಿದಾಗ ಕೆಳಗೆ ಗಾಳಿ ಬೀಸಿತ್ತು. ಉರಿಯುವ ಹುಲ್ಲಿನ ಕಂತೆಗಳು ನಡುವಿನ ಮನೆಗಳನ್ನು ದಾಟಿ ಹಾರುತ್ತಿದ್ದವು. ಈಚೆ ತುದಿಯಲ್ಲಿ ಹೊಗೆ ಎದ್ದಿತು. ಹೆಂಗಸರೆಲ್ಲ ಇನ್ನೂ ಬಾವಿಕಟ್ಟೆಯಲ್ಲೇ ಇದ್ದರು. ಅವಳು ನಿಲ್ಲಿ ಎಂದಿದ್ದಳು, ಅವರು ನಿಂತಿದ್ದರು.

"ಒಡೀರಿ! ಒಡೀರಿ!" ಎಂದು ಕೂಗುತ್ತ ಅವಳು ಓಡಿ ಇಳಿದಳು. ಆ ಕೂಗು ಮುಟ್ಟುವ ಮೊದಲೇ ರುಕಿಯಾ ಬೀಗ ಒಡೆದಿದ್ದಳು. ನಡುವಿನ ಮನೆಗಳು ಉಳಿದವು. ತುಕ್ರಪ್ಪ ಕೈಯೂರಿಕೊಂಡು ಹೊಸ್ತಿಲ ತನಕ ತೆವಳಿ ಬಂದಿದ್ದ. ಅವನ ಮೇಲೆ ಮಾಡು ಕುಸಿದು ಬಿದ್ದಿತ್ತು.

ಅವಳು ಅತ್ತಳೋ, ಎದೆ ಬಡಿದುಕೊಂಡಳೋ ಎಂದು ಕೇಳಿದರೆ, ಅಳಲಿಲ್ಲ ಎಂದೇ ಕಂಡವರೆಲ್ಲ ಹೇಳುತ್ತಾರೆ. ಅವನ ಹೆಣ ಮೀಯಿಸುವ ನೀರನ್ನು ಅವನೇ ತೋಡಿದ ಬಾವಿಯಿಂದ ಅವಳೇ ಸೇದಿ ತಂದಳಂತೆ.

ವಾರ ಕಳೆದು ತಹಶೀಲ್ದಾರರು ವಿಚಾರಣೆಗೆ ಬಂದರು. ಅವತ್ತು ಗುಡ್ಡೆಯವರು ಯಾರೂ ಬಸ್ಸು ಹತ್ತಲಿಲ್ಲ. ಬೀಗ ಹಾಕಿದ್ದು ಯಾಕೆ, ಚಾವಿ ಎಲ್ಲಿತ್ತು ಎಂದು ಅವರು ಕೇಳಿದಾಗ ರೈಗಳು ಎದ್ದು ಕೈ ಮುಗಿದರು.

"ತುರ್ತಿಗೆ ಒಡೆಯಬಹುದಿತ್ತಲ್ಲ ಸ್ವಾಮಿ. ನಾವೇನು ಬೇಡ ಹೇಳ್ತೇವಾ?"

"ಬೇಡ ಹೇಳಿದ್ದು..." ಎಂದು ರುಕಿಯಾ ರೇಗಿ ಎದ್ದು ನಿಂತಳು. ಸೇಸಮ್ಮನ ಮುಖ ನೋಡಿದಳು, ಅಲ್ಲಿಗೇ ಬಾಯಿ ಮುಚ್ಚಿಕೊಂಡಳು.

"ನಾನು," ಎಂದಳು ಸೇಸಮ್ಮ. "ಹಾರೆ ಹಾಕಿ ಆಗಿತ್ತು. ನಾನೇ ಹಿಡಿದುಕೊಂಡೆ."

ರೈಗಳ ಉಸಿರು ಹಗುರವಾದದ್ದು ಎಲ್ಲರಿಗೂ ಕೇಳಿಸಿತು. ಸದಸ್ಯರೇ ತಡೆದದ್ದರಿಂದ ನೀರು ಸಿಗಲು ತಡವಾಯಿತು ಎಂದು ಬರೆದುಕೊಂಡು ತಹಶೀಲ್ದಾರರು ಜೀಪು ಹತ್ತಿದರು. ಸತ್ಯ ಹೇಳಿದ ಒಬ್ಬಳ ತಲೆಯ ಮೇಲೆ ಇಡೀ ಪಂಚಾಯತಿ ಕೈ ತೊಳೆದುಕೊಂಡಿತು. ಇದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಮುಂದಿನ ಸಭೆಯಲ್ಲಿ ರೈಗಳು ದುಃಖದ ಮಾತಾಡಿದರು. ಎಲ್ಲರೂ ಎದ್ದು ನಿಂತು ಕುಳಿತರು. ಆಮೇಲೆ ಬಾವಿಗೆ ಹೊಸ ಬೀಗದ ವಿಷಯ ಬಂತು. ಈ ಸಲ ಎರಡು ಚಾವಿ, ಒಂದು ಊರಲ್ಲೇ ಇರಲಿ, ನಮ್ಮ ಸೇಸಮ್ಮನ ಹತ್ತಿರ, ಕಾನೂನಿಗೆ ಅವಳಷ್ಟು ಮರ್ಯಾದೆ ಕೊಡುವವರು ಯಾರುಂಟು ಎಂದರು. ಅವರ ಕೈ ಎದ್ದಿತು. ಉಳಿದವರ ಕೈಗಳೂ ಎದ್ದವು.

ಬಾಗಿಲ ಪಕ್ಕದಲ್ಲಿ ಎರಡು ಕೈಗಳು ಮಡಿಲಲ್ಲೇ ಇದ್ದವು.

"ಏನು ಸೇಸಮ್ಮ, ಆಗಬಹುದಲ್ಲ?"

"ಹಾರೆಯನ್ನು ತಡೆದ ಕೈ ಇದು ದಣಿಗಳೇ," ಎಂದಳು ಅವಳು. "ಇನ್ನು ಯಾವುದಕ್ಕೂ ಎತ್ತುವುದಿಲ್ಲ."

ಅವಳು ಸ್ಟೂಲಿನಿಂದ ಎದ್ದು ಹೊರಗೆ ಹೋದಳು. ಉಳಿದ ಕೈಗಳು ಸಾಕಾದವು. ಮರುದಿನ ಸಂಜೆಯ ಬಸ್ಸಿನಲ್ಲಿ ರೈಗಳು ಮಂಗಳೂರಿನಿಂದ ಹೊಸ ಬೀಗ ತಂದರು, ಹಳೆಯದಕ್ಕಿಂತ ದೊಡ್ಡದು.