ಗುಡ್ಡ ನೋಡಿ ಕೊಂಡ ದುರ್ಬೀನು

ಶನಿವಾರ ನನ್ನ ಹೆಂಡತಿ ನೀಲವ್ವನ ಶಾಲೆ ಮುಂಜಾನೆಯಷ್ಟೇ ಇರುತ್ತದೆ. ಹನ್ನೊಂದೂವರೆಗೆ ಶಾಲೆ ಬಿಟ್ಟದ್ದೇ ತಡ, ಮನೆಗೂ ಹೋಗದೆ ನೇರವಾಗಿ ರೋಣದ ಬಸ್ ಸ್ಟ್ಯಾಂಡಿಗೆ ಬಂದಳು. ನಾನು ನನ್ನ ಕನ್ನಡಕದ ಅಂಗಡಿಯ ಬಾಗಿಲು ಎಳೆದು, ಅವಳ ಏರ್ ರೈಫಲ್ಲನ್ನು ಉದ್ದನೆಯ ಬಟ್ಟೆಯ ಚೀಲದಲ್ಲಿ ಹೆಗಲಿಗೆ ಹಾಕಿಕೊಂಡು ಆಗಲೇ ಅಲ್ಲಿ ನಿಂತಿದ್ದೆ. ಮೊದಲು ಗಜೇಂದ್ರಗಡಕ್ಕೆ ಹೋಗಿ ಆ ಬಂದೂಕಿಗೆ ಒಂದು ದುರ್ಬೀನು ಕೊಳ್ಳುವುದು, ಅಲ್ಲಿಂದ ತಿರುಗಿ ರೋಣದ ಮೇಲೆ ಹಾದು ಸಂಜೆಗೆ ನರಗುಂದ ಮುಟ್ಟುವುದು, ಭಾನುವಾರ ಮುಂಜಾನೆ ಅವಳು ಅಲ್ಲಿಯ ಸ್ಪರ್ಧೆಯಲ್ಲಿ ಗುರಿ ಹೊಡೆಯುವುದು. ಇಷ್ಟೇ ನಮ್ಮ ಪ್ರವಾಸ. ಹೋಗುವ ದಾರಿ ಒಟ್ಟು ನೂರು ಕಿಲೋಮೀಟರಿನ ಆಸುಪಾಸು.

ನೀಲವ್ವ ಹೈಸ್ಕೂಲಿನ ಡ್ರಿಲ್ ಟೀಚರು, ವಯಸ್ಸು ನಲವತ್ತೊಂಬತ್ತು. ಕಾಲೇಜಿನ ಎನ್‌ಸಿಸಿಯಲ್ಲಿ ಬಂದೂಕು ಹಿಡಿದವಳು, ಮದುವೆಯಾದ ಮೇಲೆ ಇಪ್ಪತ್ತು ವರ್ಷ ಅದರ ಹೆಸರೆತ್ತಿರಲಿಲ್ಲ. ನರಗುಂದದಲ್ಲಿ ಸೈನ್ಯದಿಂದ ನಿವೃತ್ತರಾದ ಒಬ್ಬ ಸುಬೇದಾರರು ತಗಡಿನ ಶೆಡ್ಡು ಹಾಕಿ, ಹತ್ತು ಮೀಟರಿನ ಗುರಿಯ ಜಾಗ ಮಾಡಿದ್ದಾರೆಂದು ತಿಳಿದದ್ದೇ ಮತ್ತೆ ಶುರು ಹಚ್ಚಿಕೊಂಡಳು. ತಿಂಗಳಿಗೆ ಎರಡು ಭಾನುವಾರ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದಳು. ವರ್ಷಕ್ಕೊಮ್ಮೆ ಅಲ್ಲಿ ನಲವತ್ತೈದು ದಾಟಿದವರಿಗೆಂದೇ ಒಂದು ಸ್ಪರ್ಧೆ. ಅದರಲ್ಲಿ ಬಂದೂಕಿಗೆ ದುರ್ಬೀನು ಹಾಕಿಕೊಳ್ಳಬಹುದು. ಮೊದಲ ಇಬ್ಬರಿಗೆ ಧಾರವಾಡದ ದೊಡ್ಡ ಸ್ಪರ್ಧೆಗೆ ಹೋಗುವ ಅವಕಾಶ.

ಹೋದ ವರ್ಷ ಅವಳಿಗೆ ಅದು ಎರಡು ಅಂಕದಿಂದ ತಪ್ಪಿತು. ಚಾಳೀಸಿನ ಕಣ್ಣು ನೋಡಿ, ಬಂದೂಕಿನ ಮೇಲಿನ ಮೊನೆ ಕಂಡರೆ ಹಲಗೆಯ ಕರಿ ಚುಕ್ಕೆ ಮಸುಕು, ಚುಕ್ಕೆ ಕಂಡರೆ ಮೊನೆ ಮಸುಕು. ದುರ್ಬೀನಿದ್ದರೆ ಆ ತಾಪತ್ರಯವಿಲ್ಲ. ಈ ವರ್ಷದ್ದೋ ಕೊನೆಯ ಸ್ಪರ್ಧೆ. ಜಾಗದ ಮಾಲೀಕರು ಅಲ್ಲಿ ಮಳಿಗೆ ಕಟ್ಟಿಸುವವರಿದ್ದರು, ಸಂಕ್ರಾಂತಿಯೊಳಗೆ ಶೆಡ್ಡು ಬಿಚ್ಚಬೇಕು. ಆಮೇಲೆ ಹುಬ್ಬಳ್ಳಿಯೇ ಗತಿ. ನೌಕರಿ, ಮನೆ ಎಲ್ಲ ಇಟ್ಟುಕೊಂಡು ಅಲ್ಲಿಗೆ ಓಡಾಡುವುದು ಆಗದ ಮಾತೆಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಮೂರು ತಿಂಗಳಿಂದ ‘ದುರ್ಬೀನು ತರೂಣ ನಡೀರಿ’ ಅನ್ನುತ್ತಿದ್ದಳು. ನಮ್ಮ ಮಿತಿ ಮೂರು ಸಾವಿರ ರೂಪಾಯಿ. ದಸರೆಗೆ ಅಗ್ಗವಾಗುತ್ತವೆ, ದೀಪಾವಳಿಗೆ ಇನ್ನೂ ಅಗ್ಗವಾಗುತ್ತವೆ ಎಂದು ತಳ್ಳುತ್ತ ಬಂದವನು ನಾನು. ಯಾವುದೂ ಅಗ್ಗವಾಗಲಿಲ್ಲ. ನೋಡನೋಡುತ್ತ ಸ್ಪರ್ಧೆಯ ಹಿಂದಿನ ದಿನ ಬಂದು ನಿಂತಿತು.

ಗಜೇಂದ್ರಗಡದ ಬಸ್ಸಿನಲ್ಲಿ ನನಗೆ ನಲವತ್ತು ಚಿಲ್ಲರೆ ರೂಪಾಯಿ, ಆಧಾರ್ ಕಾರ್ಡು ತೋರಿಸಿದ ಅವಳಿಗೆ ಸೊನ್ನೆಯ ಟಿಕೀಟು. ‘ನಿಮಗಿಂತ ನಾ ಅಗ್ಗ’ ಎಂದು ನಕ್ಕಳು. ಪಕ್ಕದಲ್ಲಿ ಇಟಗಿ ಭೀಮವ್ವನ ಗುಡಿಗೆ ಹೊರಟಿದ್ದ ಅಜ್ಜಿಯೊಬ್ಬಳು ಕೂತಿದ್ದಳು. ಚೀಲವನ್ನು ಮುಟ್ಟಿ ನೋಡಿ ಕೇಳಿದಳು:

‘ಏನೈತೆವ್ವಾ ಇದರಾಗ, ತಂಬೂರಿ ಏನು?’

‘ಬಂದೂಕು ಐತಿ ಅಜ್ಜಿ.’

‘ಯಾರನ್ನ ಹೊಡಿಯಾಕ ಹೊಂಟೀ?’

‘ಹಾಳಿಗೆ ಹೊಡೀತೀನಿ. ಹಾಳಿ ಮ್ಯಾಲ ಒಂದು ಕರಿ ಚುಕ್ಕಿ ಇರ್ತೈತಿ, ಅದಕ್ಕ.’

‘ಅಷ್ಟಕ್ಕ ಗಂಡನ್ನೂ ಕರ್ಕೊಂಡು ಹೊಂಟೀಯೇನು?’

‘ಗಾಜು ನೋಡಿ ಆರಿಸಾಕ ಬೇಕಲ್ಲ. ಅವರು ಕನ್ನಡಕದವರು ಅಜ್ಜಿ, ಗಾಜಿನಾಗ ಭಾಳ ಶಾಣ್ಯಾ ಅದಾರ.’

ಹೆಂಡತಿ ಗಂಡನನ್ನು ಮಂದಿಯ ಮುಂದೆ ಹೊಗಳುವುದು ನಮ್ಮ ಕಡೆ ಅಪರೂಪ. ಕಿಟಕಿಯ ಆಚೆ ಕರಿಹೊಲದಲ್ಲಿ ಕಡಲೆ ಹಸಿರಾಗಿತ್ತು, ಜೋಳ ಮೊಳಕಾಲುದ್ದ ಬೆಳೆದಿತ್ತು. ನಾನು ಎದೆ ಉಬ್ಬಿಸಿ ಕೂತೆ.

ಗಜೇಂದ್ರಗಡದಲ್ಲಿ ಇಳಿದಾಗ ಒಂದೂಕಾಲು ಗಂಟೆ, ಬಿಸಿಲು ಚುರುಗುಟ್ಟುತ್ತಿತ್ತು. ಸ್ಟ್ಯಾಂಡಿನ ಹೊರಗೆ ಗಿರ್ಮಿಟ್ಟು, ಎರಡೆರಡು ಮಿರ್ಚಿ, ಚಹಾ. ಇಬ್ಬರಿಗೂ ಸೇರಿ ತೊಂಬತ್ತು ರೂಪಾಯಿಯಾಯಿತು. ಮಿರ್ಚಿ ಖಾರವಿತ್ತು, ಚಲೋ ಇತ್ತು. ಅಲ್ಲಿಂದ ನೂರು ಹೆಜ್ಜೆಗೆ ನಾವು ಹುಡುಕುತ್ತಿದ್ದ ಅಂಗಡಿ. ಟಾರ್ಚು, ಬೆಳೆಗೆ ಎಣ್ಣೆ ಹೊಡೆಯುವ ಪಂಪು, ಹಂದಿ ಬೆದರಿಸುವ ಗರ್ನಾಲು, ಏರ್ ಗನ್ನು ಎಲ್ಲವನ್ನೂ ಮಾರುವ ಅಂಗಡಿ ಅದು. ಮಾಲಕರು ಗಾಜಿನ ಪೆಟ್ಟಿಗೆಯ ಮೇಲೆ ಎರಡು ದುರ್ಬೀನು ಇಟ್ಟರು.

ಒಂದು ಗಿಡ್ಡ, ಬಣ್ಣ ಮಾಸಿದ ಕರಿಯದು. ನಾಲ್ಕು ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ, ಅಷ್ಟೇ. ಬೆಲೆ ಎರಡು ಸಾವಿರದ ಆರುನೂರು. ಇನ್ನೊಂದು ಉದ್ದ, ಮಿರಮಿರ ಮಿಂಚುವಂಥದ್ದು. ಮೂರರಿಂದ ಒಂಬತ್ತು ಪಟ್ಟಿನ ತನಕ ಹೆಚ್ಚು ಕಡಿಮೆ ಮಾಡಬಹುದು. ಮೂರು ಸಾವಿರದ ಇನ್ನೂರು ಹೇಳಿದರು.

‘ಹತ್ತು ಮೀಟರ್ ಗುರಿಗೆ ಈ ಸಣ್ಣದ ಒಯ್ಯಿರಿ ಅಕ್ಕಾರ,’ ಎಂದರು ಮಾಲಕರು, ನೀಲವ್ವನ ಕಡೆ ನೋಡಿ. ‘ಇದರ ಮಕದಾಗ ಒಂದು ಬಳಿ ಐತಿ ನೋಡ್ರಿ. ತಿರುವಿದ್ರ ಹತ್ತಿರಂದೂ ಸ್ವಚ್ಛ ಕಾಣ್ತೈತಿ. ದೊಡ್ಡದಕ್ಕ ಅದು ಇಲ್ಲ.’

ಬೇಗ ಮಾರಾಟವಾಗದ ಮಾಲನ್ನು ದಾಟಿಸುವ ಮಾತು ಇದು ಎಂದು ನಾನು ತಿಳಿದೆ. ನಾನೂ ಅಂಗಡಿಕಾರನೇ ಅಲ್ಲವೇ? ಇಪ್ಪತ್ತಾರು ವರ್ಷ ಗಾಜು ಮಾರಿದವನಿಗೆ ಇವರು ಬಳೆ ತೋರಿಸುತ್ತಿದ್ದಾರೆ ಎಂದುಕೊಂಡು ಉದ್ದನೆಯದನ್ನು ಎತ್ತಿಕೊಂಡು ಬಾಗಿಲಿಗೆ ಬಂದೆ. ಎದುರಿಗೇ ಗುಡ್ಡ, ಅದರ ಮೇಲೆ ಕೋಟೆಯ ಗೋಡೆ, ಆಚೆ ತಿರುಗುವ ಗಾಳಿ ಫ್ಯಾನುಗಳು. ಒಂಬತ್ತಕ್ಕೆ ತಿರುಗಿಸಿ ಕಣ್ಣಿಗೆ ಹಿಡಿದೆ. ಗೋಡೆಯ ಕಲ್ಲಿನ ಸಂದಿನಲ್ಲಿ ಬೆಳೆದ ಹುಲ್ಲು ಕಂಡಿತು. ಅದನ್ನು ಮೇಯುತ್ತಿದ್ದ ಆಡು ಕಂಡಿತು.

ಅಂಗಡಿಗೆ ಬಂದಿದ್ದ ನೇಕಾರ ಯಜಮಾನರೊಬ್ಬರು ‘ತರ್ರಿ ಇಲ್ಲೆ, ಒಮ್ಮಿ ನೋಡ್ತೀನಿ’ ಎಂದು ಇಸಿದುಕೊಂಡರು. ‘ಆಡಿನ ಕೊಳ್ಳಾಗಿನ ಗಂಟಿ ಕಾಣಾಕತ್ತೈತ್ರಿ’ ಎಂದರು. ಅಷ್ಟು ಅಂದದ್ದೇ ಸಾಕಾಯಿತು. ಸೆಲ್ಲು ಕೊಳ್ಳಲು ಬಂದ ಕಂಡಕ್ಟರು, ಹೂವಿನ ಬುಟ್ಟಿಯವಳು, ದಾರಿಯಲ್ಲಿ ಹೋಗುತ್ತಿದ್ದವರು, ಒಬ್ಬೊಬ್ಬರೇ ಬಂದು ನೋಡಿದರು. ‘ಖರೇನ ಭಾರಿ ಐತಿ’ ಎಂದರು. ಅದನ್ನು ಮಾಡಿದವನೇ ನಾನು ಅನ್ನುವ ಹಾಗೆ ನಾನು ನಿಂತಿದ್ದೆ.

ನೀಲವ್ವ ಸಣ್ಣದನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದಳು. ‘ರೀ, ಗುಡ್ಡ ಯಾಕ ನೋಡ್ತೀರಿ? ನಾ ಹೊಡಿಯೂದು ಹತ್ತು ಮೀಟರ್ ಅಲ್ಲ? ಆ ಎದುರಿನ ಗ್ವಾಡಿ ಮ್ಯಾಲಿನ ಚೀಟಿ ನೋಡೂಣು. ನನಗೊಮ್ಮಿ ಕೊಡ್ರಿಲ್ಲೆ,’ ಎಂದಳು.

‘ಒಂದು ಮೈಲಿ ದೂರಂದು ಕಾಣ್ತೈತಿ, ಹತ್ತು ಮೀಟರಿಂದು ಕಾಣೂದಿಲ್ಲೇನು? ಗಾಜಿಂದು ನಿನಗೇನು ತಿಳೀತೈತಿ, ಸುಮ್ನ ನಿಲ್ಲು,’ ಎಂದೆ ನಾನು.

ಮಂದಿ ನಕ್ಕರು. ಅವಳು ಸಣ್ಣ ದುರ್ಬೀನನ್ನು ಪೆಟ್ಟಿಗೆಯ ಮೇಲೆ ಮೆಲ್ಲಗೆ ಇಟ್ಟಳು. ನಾನು ಚೌಕಾಸಿ ಮಾಡಿ ಉದ್ದನೆಯದನ್ನು ಎರಡು ಸಾವಿರದ ಒಂಬೈನೂರಕ್ಕೆ ಇಳಿಸಿದೆ. ಮಾಲಕರು ಅದನ್ನು ಬಂದೂಕಿಗೆ ಬಿಗಿದು ಕೊಟ್ಟರು. ಆ ಬೀದಿಯಲ್ಲಿ ಹತ್ತು ಹನ್ನೆರಡು ಮಂದಿ ಆ ದುರ್ಬೀನಿನಲ್ಲಿ ನೋಡಿದ್ದರು. ನೋಡದೆ ಉಳಿದವಳು ಅದರಿಂದ ಗುರಿ ಹಿಡಿಯಬೇಕಾದವಳು ಒಬ್ಬಳೇ.

ಮೂರೂವರೆಗೆ ರೋಣ, ಅಲ್ಲಿ ಬಸ್ಸು ಬದಲಿಸಿ ನರಗುಂದದ ದಾರಿ. ಯಾವಗಲ್ ಹತ್ತಿರ ಬೆಣ್ಣಿಹಳ್ಳದಲ್ಲಿ ಕೆಸರುನೀರು ಇನ್ನೂ ನಿಂತಿತ್ತು. ಬಸ್ಸಿನಲ್ಲಿ ನಾನು ಉಳಿಸಿದ ಮುನ್ನೂರು ರೂಪಾಯಿಯ ಬಗ್ಗೆ ಮಾತಾಡುತ್ತಲೇ ಇದ್ದೆ. ಅವಳು ಹೂಂ ಅನ್ನುತ್ತಿದ್ದಳು. ಆರು ಗಂಟೆಗೆ ನರಗುಂದದಲ್ಲಿ ಅವಳ ಅಕ್ಕನ ಮನೆ ಮುಟ್ಟಿದೆವು. ಚಹಾ ಆದ ಮೇಲೆ ಅವಳು ಬಂದೂಕು ತೆಗೆದು, ಪಡಸಾಲೆಯ ಆ ತುದಿಯ ಗೋಡೆಯಲ್ಲಿದ್ದ ಕ್ಯಾಲೆಂಡರಿಗೆ ಹಿಡಿದು ನೋಡಿದಳು. ಬಹಳ ಹೊತ್ತು ನೋಡಿದಳು.

‘ಮಬ್ಬು ಐತ್ರಿ,’ ಎಂದಳು.

‘ಮನಿಯಾಗ ಬೆಳಕು ಕಡಿಮಿ. ನಾಳೆ ಬಿಸಿಲಾಗ ನೋಡು.’

ಖರೇ ಹೇಳಬೇಕೆಂದರೆ ನನಗೆ ಆಗಲೇ ತಿಳಿದಿತ್ತು. ತಿಳಿದದ್ದನ್ನು ಒಪ್ಪಿಕೊಳ್ಳಲಿಲ್ಲ. ಅಕ್ಕ ಬಿಸಿ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ ಬಡಿಸಿದಳು, ನನಗೆ ರುಚಿ ಹತ್ತಲಿಲ್ಲ.

ಭಾನುವಾರ ಒಂಬತ್ತಕ್ಕೆ ಶೆಡ್ಡಿನಲ್ಲಿ ಆರು ಜನ ಸ್ಪರ್ಧಿಗಳು. ಪರೀಕ್ಷೆಗೆ ಐದು ಗುಂಡು, ಆಮೇಲೆ ಲೆಕ್ಕಕ್ಕೆ ಇಪ್ಪತ್ತು, ಒಟ್ಟು ಇನ್ನೂರು ಅಂಕ. ನೀಲವ್ವ ಗುರಿ ಹಿಡಿದು, ಇಳಿಸಿ, ಕಣ್ಣು ಒರೆಸಿಕೊಂಡು ಮತ್ತೆ ಹಿಡಿದಳು. ‘ಚುಕ್ಕಿ ಕರಗಿದಂಗ ಕಾಣ್ತೈತ್ರಿ,’ ಎಂದಳು. ನಾನು ಓಡಿಹೋಗಿ ಕಂಡದ್ದನ್ನೆಲ್ಲ ತಿರುವಿದೆ. ಒಂಬತ್ತರಿಂದ ಮೂರಕ್ಕೆ ಇಳಿಸಿದಾಗ ಸ್ವಲ್ಪ ಸುಧಾರಿಸಿತು, ಆದರೂ ಸ್ವಚ್ಛವಾಗಲಿಲ್ಲ. ಮೇಲಾಗಿ, ಕೆನ್ನೆ ಒಂದು ಕೂದಲಿನಷ್ಟು ಸರಿದರೂ ದುರ್ಬೀನಿನೊಳಗೆ ಗುರಿ ಹಿಡಿಯಲೆಂದು ಇರುವ ಕೂಡುಗೆರೆ ಚುಕ್ಕೆಯಿಂದ ಆಚೆ ಸರಿಯುತ್ತಿತ್ತು.

ಸುಬೇದಾರರು ಬಂದು ನೋಡಿದರು. ‘ಇದು ನೂರು ಮೀಟರಿಗೆ ಕೂಡಿಸಿದ್ದೈತ್ರಿ. ಹತ್ತಕ್ಕ ಮುಂದ ಬಳಿ ಇರೂದು ಬೇಕಿತ್ತು. ದೂರಿನ ನಂಬರ್ ಬ್ಯಾರೆ, ಹತ್ತಿರದ ನಂಬರ್ ಬ್ಯಾರೆ ಅಂತ ನನಗ ಕನ್ನಡಕ ಕೊಡುವಾಗ ನೀವ ಹೇಳಿದ್ರಲ್ಲ?’ ಎಂದರು. ಬೈಯಲಿಲ್ಲ, ಕೇಳಿದರು ಅಷ್ಟೇ.

ನಾನು ದಿನಕ್ಕೆ ಹತ್ತು ಗಿರಾಕಿಗೆ ಹೇಳುವ ಮಾತು ಅದು. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಕಲಗಚ್ಚಿನಲ್ಲಿ ಬಿದ್ದಿತ್ತು. ಬೇರೆಯವರ ದುರ್ಬೀನು ಕೇಳೋಣವೆಂದರೆ ಬಿಚ್ಚಿ ಬಿಗಿದು ಗುರಿ ಕೂಡಿಸಲು ಸಮಯವಿರಲಿಲ್ಲ. ಬಿಚ್ಚಿ ಬರಿಗಣ್ಣಿನಿಂದ ಹೊಡೆಯೋಣವೆಂದರೆ ಚಾಳೀಸಿನ ಕಥೆ ಹೋದ ವರ್ಷವೇ ಆಗಿತ್ತು.

‘ಇರಲಿ ಬಿಡ್ರಿ, ಇದರಾಗ ಹೊಡೀತೀನಿ,’ ಎಂದು ಅವಳು ಮುಂದೆ ನಿಂತು, ಪರೀಕ್ಷೆಯ ಐದು ಗುಂಡಿನಲ್ಲೇ ಆದಷ್ಟು ಗುರಿ ಕೂಡಿಸಿಕೊಂಡಳು.

ಮೊದಲ ಹತ್ತು ಗುಂಡನ್ನು ಅವಳು ಹೊಡೆದ ರೀತಿಯನ್ನು ನಾನು ಮರೆಯಲಾರೆ. ಕೆನ್ನೆಯನ್ನು ಒಮ್ಮೆ ಊರಿದ ಜಾಗದಿಂದ ಅಲುಗಿಸಲಿಲ್ಲ. ಮಬ್ಬಿನ ನಡುವನ್ನು ಅಂದಾಜಿನ ಮೇಲೆ ಹಿಡಿದು ಹೊಡೆದಳು. ಎಂಬತ್ತೆಂಟು ಬಂತು. ಆರು ಜನರಲ್ಲಿ ಆಗ ಅವಳು ಎರಡನೆಯವಳು, ಸುಬೇದಾರರು ನನ್ನ ಕಡೆ ನೋಡಿ ತಲೆಯಾಡಿಸಿದರು. ಆಮೇಲೆ ಕಣ್ಣಿನಲ್ಲಿ ನೀರು ಬರತೊಡಗಿತು. ಮಬ್ಬನ್ನು ಅಷ್ಟು ಹೊತ್ತು ದಿಟ್ಟಿಸಿದರೆ ಯಾರ ಕಣ್ಣಾದರೂ ಸೋಲುತ್ತದೆ. ಒರೆಸುವುದು, ಕೆನ್ನೆ ಮತ್ತೆ ಊರುವುದು, ಜಾಗ ತಪ್ಪುವುದು. ಕೊನೆಗೆ ನೂರಾ ಅರವತ್ತೇಳು ಆಯಿತು. ಎರಡನೆಯ ಸ್ಥಾನಕ್ಕೆ ಬಂದವರದು ನೂರಾ ಎಪ್ಪತ್ತೊಂದು.

ನಾಲ್ಕು ಅಂಕ. ಸುಬೇದಾರರು ಅವಳ ಹಾಳೆಯನ್ನು ಬೆಳಕಿಗೆ ಹಿಡಿದು, ‘ಈ ಕೈ ಧಾರವಾಡಕ್ಕ ಹೋಗಬೇಕಿತ್ತು ಬಾಯಾರ,’ ಎಂದರು. ಅವಳು ಕೈಮುಗಿದು, ಗೆದ್ದ ಇಬ್ಬರನ್ನೂ ಮಾತಾಡಿಸಿ, ಶೆಡ್ಡಿನ ತಗಡಿನ ಗೋಡೆಯನ್ನು ಒಮ್ಮೆ ಮುಟ್ಟಿ ಹೊರಗೆ ಬಂದಳು. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಆ ಬುದ್ಧಿಯಿಂದ ಯಾರಿಗೆ ಏನು ಉಪಯೋಗ?

ಎರಡರ ಬಸ್ಸಿಗೆ ಹೊರಟೆವು. ಬಸ್ಸು ಖಾಲಿಯಿತ್ತು. ಯಾವಗಲ್ ದಾಟಿತು.

‘ನಾಳೆ ಗಜೇಂದ್ರಗಡಕ್ಕ ಹೋಗಿ ಬದ್ಲಿ ಮಾಡಿಸ್ಕೊಂಡು ಬರ್ತೀನಿ. ಆ ಸಣ್ಣದ ತರ್ತೀನಿ,’ ಎಂದೆ.

‘ತಂದು ಎಲ್ಲೆ ಹೊಡೀಲಿ?’ ಎಂದಳು.

‘ತಪ್ಪು ನಂದು, ನೀಲಾ,’ ಎಂದೆ.

‘ನಂದೂ ಐತ್ರಿ.’ ಕಿಟಕಿಯ ಕಡೆ ನೋಡುತ್ತಲೇ ಹೇಳಿದಳು. ‘ಸಾಲ್ಯಾಗ ನಾ ಒಮ್ಮಿ ಸೀಟಿ ಊದಿದ್ರ ಐನೂರು ಹುಡುಗರು ನಿಂತಲ್ಲೆ ನಿಲ್ತಾವ. ನಿನ್ನಿ ಮಂದ್ಯಾಗ ನೀವು ಸುಮ್ನ ನಿಲ್ಲು ಅಂದ್ರಿ. ನಾನೂ ನಿಂತಬಿಟ್ಟೆ.’

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ರೋಣ ಬಂತು. ನರಗುಂದದಿಂದ ತಿರುಗಿ ಬರುವಾಗ ಸೋತರೂ ಗೆದ್ದರೂ ತನ್ನ ಬಂದೂಕನ್ನು ಅವಳು ಯಾರ ಕೈಗೂ ಕೊಟ್ಟವಳಲ್ಲ. ಕೇಳಿದರೆ ‘ನನ್ನ ಭಾರ ನನಗಿರಲಿ’ ಅನ್ನುತ್ತಿದ್ದಳು. ಬಸ್ಸಿನಿಂದ ಇಳಿಯುವಾಗ ‘ಚೀಲ ನಾ ಹಿಡೀಲೇನು?’ ಎಂದು ಕೇಳಿದೆ. ಅವಳು ಅದನ್ನು ನನ್ನ ಕೈಗೆ ಕೊಟ್ಟು, ಮನೆಯ ಕಡೆ ನಡೆದಳು.